ಮೂರು ಡಿಬಿ ಎಲ್ಲಿಂದ ಬಂತು? ಪುಸ್ತಕದ ಲೆಕ್ಕ, ಲ್ಯಾಪ್‌ಟಾಪಿನ ಲೆಕ್ಕ ಮತ್ತು ಕಮ್ಮನಹಳ್ಳಿಯ ಸಿಗ್ನಲ್

ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ಫೋನ್ ಕೈಯಲ್ಲೇ ಇದೆ ಅಲ್ವಾ? ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆಗೆದು, ಸಿಮ್ ಸ್ಟೇಟಸ್ ಒತ್ತಿ. ಫೋನಿಂದ ಫೋನಿಗೆ ಮೆನು ಸ್ವಲ್ಪ ಬೇರೆ ಇರುತ್ತೆ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಸಂಖ್ಯೆ ಇದೆ: ಹಿಂದೆ ಮೈನಸ್, ಮುಂದೆ ಡಿಬಿಎಂ.

ನಾನು ಕಮ್ಮನಹಳ್ಳಿ ಮೇನ್ ರೋಡಲ್ಲಿ ನಿಂತು ನೋಡಿದಾಗ ನನ್ನ 4ಜಿ ಫೋನ್ ಮೈನಸ್ 100 ತೋರಿಸ್ತು. ಸಂಜೆ ಏಳು ಗಂಟೆ, ತಿಂಡಿ ಅಂಗಡಿಗಳ ಮುಂದೆ ಕಾಲಿಡೋಕೆ ಜಾಗ ಇಲ್ಲ. ಕಡ್ಡಿ ಮೂರು ಇದೆ, ಆದ್ರೆ ರೀಲ್ ಮಾತ್ರ ತಿರುಗ್ತಾನೇ ಇದೆ. ಆಗ ಒಂದು ಲೆಕ್ಕ ಹಾಕಿದೆ. ಇವತ್ತಿನ ಕಥೆ ಇರೋದೇ ಆ ಲೆಕ್ಕದಲ್ಲಿ.

ಪುಸ್ತಕ ಹೇಳೋದು 25, ಫೋನ್ ಹೇಳೋದು 6

ಯಾವುದೇ ರೇಡಿಯೋ ಕೇಳಿಸಿಕೊಳ್ಳೋದು ಎರಡನ್ನ. ಒಂದು ಬೇಕಾದ ಸಿಗ್ನಲ್, ಇನ್ನೊಂದು ಬೇಡದ ಗದ್ದಲ, ಅಂದ್ರೆ ನಾಯ್ಸ್. ಮೊದಲನೇದರ ಶಕ್ತಿಯನ್ನ ಎರಡನೇದರ ಶಕ್ತಿಯಿಂದ ಭಾಗಿಸಿದ್ರೆ ಬರೋದೇ ಸಿಗ್ನಲ್ ಟು ನಾಯ್ಸ್ ರೇಶಿಯೋ. ಬಾಯಲ್ಲಿ ಎಸ್‌ಎನ್‌ಆರ್. ಮದುವೆ ಮನೇಲಿ ಪಕ್ಕದವರ ಮಾತು ಕೇಳಿಸೋದು ಅವರೆಷ್ಟು ಜೋರಾಗಿ ಮಾತಾಡ್ತಾರೆ ಅನ್ನೋದರ ಮೇಲಷ್ಟೇ ಅಲ್ಲ, ವಾಲಗ ಎಷ್ಟು ಜೋರಾಗಿದೆ ಅನ್ನೋದರ ಮೇಲೂ ನಿಂತಿದೆ. ಫೋನಿನ ಕಡ್ಡಿಗಳು ಹೆಚ್ಚಾಗಿ ಹೇಳೋದು ಮೊದಲನೇದನ್ನ ಮಾತ್ರ.

ಇದನ್ನ ಅಳೆಯೋದು ಡೆಸಿಬೆಲ್‌ನಲ್ಲಿ, ಅಂದ್ರೆ ಡಿಬಿ. ನಾಲ್ಕು ಸಂಖ್ಯೆ ನೆನಪಿಟ್ಕೊಳ್ಳಿ, ಕೊನೇವರೆಗೂ ಬೇಕಾಗುತ್ತೆ: 3 ಡಿಬಿ ಅಂದ್ರೆ ಎರಡು ಪಟ್ಟು, 6 ಅಂದ್ರೆ ನಾಲ್ಕು ಪಟ್ಟು, 9 ಅಂದ್ರೆ ಎಂಟು ಪಟ್ಟು, 10 ಅಂದ್ರೆ ಹತ್ತು ಪಟ್ಟು.

ಈಗ ನಾಯ್ಸ್ ಎಷ್ಟು? 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ಸನ್ ಅನ್ನೋರು ಅಳೆದು ತೋರಿಸಿದ್ರು, ನೈಕ್ವಿಸ್ಟ್ ಅನ್ನೋರು ಲೆಕ್ಕ ಕೊಟ್ಟು ವಿವರಿಸಿದ್ರು: ಬಿಸಿ ಇರೋ ಯಾವ ವಸ್ತುವಿನಲ್ಲೂ ಎಲೆಕ್ಟ್ರಾನ್‌ಗಳು ಸುಮ್ಮನಿರಲ್ಲ, ಆ ಕುಣಿತವೇ ನಾಯ್ಸ್. ನಮ್ಮ ಕೋಣೆಯ ಉಷ್ಣತೆಯಲ್ಲಿ ಅದು ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ. 4ಜಿ ಫೋನ್ ತೋರಿಸೋ ಸಿಗ್ನಲ್ ಸಂಖ್ಯೆ 15 ಕಿಲೋಹರ್ಟ್ಸ್ ಅಗಲದ ಒಂದು ಸಣ್ಣ ಪಟ್ಟಿಯದ್ದು. ಅಷ್ಟು ಅಗಲದಲ್ಲಿ ನಾಯ್ಸ್ ಮೈನಸ್ 132 ಆಗುತ್ತೆ. ಫೋನಿನ ಸರ್ಕ್ಯೂಟ್ ತಾನೇ ಸೇರಿಸೋ ನಾಯ್ಸ್‌ಗೆ 7 ಡಿಬಿ ಅಂತ ಇಟ್ಕೊಳ್ಳೋಣ. ಅಲ್ಲಿಗೆ ಮೈನಸ್ 125. ಸಿಗ್ನಲ್ ಮೈನಸ್ 100, ನಾಯ್ಸ್ ಮೈನಸ್ 125, ಎಸ್‌ಎನ್‌ಆರ್ 25 ಡಿಬಿ. ಸಿಗ್ನಲ್ಲು ನಾಯ್ಸ್‌ಗಿಂತ 300 ಪಟ್ಟಿಗೂ ಜಾಸ್ತಿ. ರೀಲ್ ಏನು, ಸಿನಿಮಾನೇ ಓಡಬೇಕು!

ಆದ್ರೆ ನನ್ನ ಫೋನಲ್ಲಿದ್ದ ಆ್ಯಪ್ ಆ ಜಾಗದಲ್ಲಿ ತೋರಿಸಿದ್ದು 6. ಲೆಕ್ಕಕ್ಕೂ ಅಳತೆಗೂ 19 ಡಿಬಿ ಅಂತರ, ಅಂದ್ರೆ ಸುಮಾರು 80 ಪಟ್ಟು.

ಯಾವುದು ಸುಳ್ಳು? ಈ ಪ್ರಶ್ನೆಯನ್ನ ಇಲ್ಲೇ ಬಿಟ್ಟಿರೋಣ, ಕೊನೆಗೆ ತಿರುಗಿ ಬರ್ತೀನಿ. ಯಾಕಂದ್ರೆ ಅದೇ ವಾರ, ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ನಮ್ಮ ಮನೆಗೇ ಬಂತು.

ಶುಕ್ರವಾರ ವೈವಾ, ಬುಧವಾರ ರಾತ್ರಿ ಫೋನು

ನನ್ನ ಚಿಕ್ಕಮ್ಮನ ಮಗಳು ಇ.ಸಿ. ಕೊನೇ ವರ್ಷ. ಎಚ್‌ಬಿಆರ್ ಲೇಔಟಲ್ಲಿ ಅವರ ಮನೆ. ಬುಧವಾರ ರಾತ್ರಿ ಫೋನ್ ಮಾಡಿದ್ಳು. "ಅಣ್ಣಾ, ಗ್ರಾಫ್ ಕೂತ್ಕೊಳ್ತಾ ಇಲ್ಲ. ಥಿಯರಿ ಗೆರೆ ಒಂದು ಕಡೆ, ನನ್ನ ಸಿಮ್ಯುಲೇಶನ್ ಗೆರೆ ಇನ್ನೊಂದು ಕಡೆ. ಶುಕ್ರವಾರ ವೈವಾ ಇದೆ."

"ಎಷ್ಟು ದೂರ ಇದೆ?" ಅಂದೆ.

"ಎಲ್ಲಾ ಕಡೆ ಒಂದೇ ಅಂತರ. ಮೂರು ಡಿಬಿ ಬಲಕ್ಕೆ. ಪ್ಲಾಟ್ ಮಾಡೋ ಸಾಲಲ್ಲಿ ಮೈನಸ್ ಮೂರು ಅಂತ ಹಾಕಿದ್ರೆ ಕರೆಕ್ಟಾಗಿ ಕೂತ್ಕೊಳ್ಳುತ್ತೆ. ಹಾಕಿಬಿಡ್ಲಾ? ನಮ್ಮ ಕ್ಲಾಸಲ್ಲಿ ಇಬ್ಬರು ಹಾಗೇ ಮಾಡಿದಾರೆ."

ನಾನು ಒಂದು ಕ್ಷಣ ಸುಮ್ಮನಾದೆ. ಕಾರಣ ಆಮೇಲೆ ಹೇಳ್ತೀನಿ. "ಹಾಕಬೇಡ, ನಾಳೆ ಸಂಜೆ ಬರ್ತೀನಿ" ಅಂದೆ.

ಅವಳು ಮಾಡ್ತಿದ್ದಿದ್ದು ಏನು ಅಂತ ಮೊದಲು ಹೇಳ್ಬೇಕು. ಡಿಜಿಟಲ್ ಸಂದೇಶ ಅಂದ್ರೆ ಸೊನ್ನೆ ಮತ್ತು ಒಂದು. ಎಲ್ಲಕ್ಕಿಂತ ಸರಳ ವಿಧಾನ ಬಿಪಿಎಸ್‌ಕೆ: ಒಂದಕ್ಕೆ ಪ್ಲಸ್ 1 ಕಳಿಸು, ಸೊನ್ನೆಗೆ ಮೈನಸ್ 1 ಕಳಿಸು. ದಾರೀಲಿ ನಾಯ್ಸ್ ಸೇರುತ್ತೆ. ಈ ಕಡೆ ಬಂದಿದ್ದು ಸೊನ್ನೆಗಿಂತ ಮೇಲಿದ್ರೆ ಒಂದು, ಕೆಳಗಿದ್ರೆ ಸೊನ್ನೆ. ನಾಯ್ಸ್ ಜೋರಾಗಿ ತಳ್ಳಿದಾಗ ಪ್ಲಸ್ ಹೋಗಿ ಮೈನಸ್ ಆಗುತ್ತೆ, ಬಿಟ್ ತಪ್ಪಾಗುತ್ತೆ.

ನೂರಕ್ಕೆ ಎಷ್ಟು ತಪ್ಪು ಅನ್ನೋದನ್ನ ಥಿಯರಿ ಸೂತ್ರದಿಂದಲೇ ಹೇಳುತ್ತೆ. ಎಸ್‌ಎನ್‌ಆರ್‌ನ ಒಂದು ರೂಪ ಇಬಿ ಬೈ ಎನ್-ನಾಟ್, ಅಂದ್ರೆ ಒಂದು ಬಿಟ್‌ಗೆ ಖರ್ಚಾದ ಶಕ್ತಿ ಭಾಗಿಸು ಒಂದು ಹರ್ಟ್ಸ್‌ನಲ್ಲಿರೋ ನಾಯ್ಸ್. ಅದು 4 ಡಿಬಿ ಇದ್ರೆ ಹತ್ತು ಸಾವಿರ ಬಿಟ್‌ಗೆ ಸುಮಾರು 125 ತಪ್ಪಾಗಬೇಕು. 9.6 ಡಿಬಿ ಇದ್ರೆ ಲಕ್ಷಕ್ಕೆ ಒಂದೇ ತಪ್ಪು.

ಸಿಮ್ಯುಲೇಶನ್ ಸೂತ್ರ ನಂಬಲ್ಲ, ಮಾಡಿ ನೋಡುತ್ತೆ. ಕಂಪ್ಯೂಟರ್ ಲಕ್ಷಾಂತರ ಬಿಟ್ ಹುಟ್ಟಿಸುತ್ತೆ, ಅದಕ್ಕೆ ಸುಳ್ಳು ನಾಯ್ಸ್ ಸೇರಿಸುತ್ತೆ, ತಪ್ಪು ಎಣಿಸುತ್ತೆ. ಎರಡೂ ಒಂದೇ ಉತ್ತರ ಕೊಡಬೇಕು. ಅವಳಿಗೆ 4 ಡಿಬಿಯಲ್ಲಿ 125ರ ಬದಲು 565ರ ಹತ್ತಿರ ಬರ್ತಿತ್ತು. ಥಿಯರಿ ಪ್ರಕಾರ ಅಷ್ಟು ತಪ್ಪು ಬರೋದು 1 ಡಿಬಿಯಲ್ಲಿ. ಸರಿಯಾಗಿ ಮೂರು ಡಿಬಿ ವ್ಯತ್ಯಾಸ.

ತಪ್ಪು ಎಣಿಸೋ ಮೊದಲು ತೂಗಿ ನೋಡು

ಗುರುವಾರ ಸಂಜೆ ಹೋದೆ. ಚಿಕ್ಕಮ್ಮ ಕಾಫಿ ಕೊಟ್ರು. ನಾನು ಅವಳಿಗೆ ಹೇಳಿದ ಮೊದಲ ಮಾತು: "ತಪ್ಪು ಎಣಿಸೋದನ್ನ ಬಿಡು. ಸಿಗ್ನಲ್ಲನ್ನೂ ನಾಯ್ಸನ್ನೂ ಸೇರಿಸೋಕೆ ಮುಂಚೆ ಎರಡನ್ನೂ ಬೇರೆ ಬೇರೆ ತೂಗು."

ರಸೆಲ್ ಮಾರ್ಕೆಟಲ್ಲಿ ತರಕಾರಿ ತಗೊಳ್ಳುವಾಗ ಏನು ಮಾಡ್ತೀವಿ? ತೂಕ ಜಾಸ್ತಿ ಅನ್ನಿಸಿದ್ರೆ ಟೊಮೇಟೊ ಒಂದೊಂದೇ ಎಣಿಸ್ತಾ ಕೂರಲ್ಲ. ಖಾಲಿ ತಟ್ಟೆ ಇಟ್ಟು ತಕ್ಕಡಿ ಸೊನ್ನೆ ತೋರಿಸುತ್ತಾ ಅಂತ ಮೊದಲು ನೋಡ್ತೀವಿ. ಇಲ್ಲೂ ಅಷ್ಟೆ. ಸಿಮ್ಯುಲೇಶನ್‌ನ ದೊಡ್ಡ ಅನುಕೂಲ ಅಂದ್ರೆ, ನಿಜವಾದ ರೇಡಿಯೋದಲ್ಲಿ ಬೆರೆತು ಹೋಗಿರೋ ಸಿಗ್ನಲ್ಲೂ ನಾಯ್ಸೂ ಇಲ್ಲಿ ಬೇರೆ ಬೇರೆ ಡಬ್ಬೀಲಿ ಸಿಗುತ್ತೆ. ಪ್ರತಿ ಸಂಖ್ಯೆಯ ವರ್ಗ ತಗೊಂಡು ಸರಾಸರಿ ಮಾಡಿದ್ರೆ ಶಕ್ತಿ ಗೊತ್ತಾಗುತ್ತೆ. ಒಂದೊಂದು ಸಾಲಿನ ಕೋಡ್.

ಮಾಡಿದ್ಳು. ಸಿಗ್ನಲ್ ಶಕ್ತಿ 1, ಸರಿ. 4 ಡಿಬಿಗೆ ಎನ್-ನಾಟ್ 0.398. ಅವಳ ನಾಯ್ಸ್ ಅಳತೆಯೂ 0.398. "ಸರಿಯಾಗೇ ಇದೆಯಲ್ಲ ಅಣ್ಣಾ?" ಅಂದ್ಳು.

ಸರಿ ಇಲ್ಲ. ತಪ್ಪಿದ್ದಿದ್ದು ಅಲ್ಲೇ.

ಒಂದು ಕಾಗದದ ಮೇಲೆ ದಿಕ್ಕು ಬರೆದು ತೋರಿಸಿದೆ. ಪ್ಲಸ್ 1 ಅನ್ನೋದು ಪೂರ್ವಕ್ಕಿರೋ ಚುಕ್ಕೆ, ಮೈನಸ್ 1 ಪಶ್ಚಿಮಕ್ಕಿರೋ ಚುಕ್ಕೆ. ರೇಡಿಯೋ ನಾಯ್ಸ್ ಎಲ್ಲ ದಿಕ್ಕಿಗೂ ತಳ್ಳುತ್ತೆ. ಆದ್ರೆ ಉತ್ತರ-ದಕ್ಷಿಣ ಎಷ್ಟೇ ತಳ್ಳಿದ್ರೂ ಪೂರ್ವ ಹೋಗಿ ಪಶ್ಚಿಮ ಆಗಲ್ಲ. ಅದರಿಂದ ಬಿಪಿಎಸ್‌ಕೆಗೆ ಅಪಾಯ ಇಲ್ಲ, ರಿಸೀವರ್ ಆ ಕಡೆ ನೋಡೋದೂ ಇಲ್ಲ. ಅಪಾಯ ಇರೋದು ಪೂರ್ವ-ಪಶ್ಚಿಮದ ತಳ್ಳಾಟದಿಂದ ಮಾತ್ರ, ಅದರ ಪಾಲು ಒಟ್ಟು ನಾಯ್ಸ್‌ನ ಅರ್ಧ. ಅಂದ್ರೆ ಎನ್-ನಾಟ್‌ನ ಅರ್ಧ, 0.199. ಥಿಯರಿಯ ಸೂತ್ರ ಆ ಅರ್ಧವನ್ನ ಲೆಕ್ಕಕ್ಕೆ ತಗೊಂಡೇ ಬರೆದಿದ್ದು. ಅವಳ ಕೋಡು ಇಡೀ ಎನ್-ನಾಟನ್ನ ಒಂದೇ ದಿಕ್ಕಿಗೆ ಸುರೀತಾ ಇತ್ತು. ಎರಡು ಪಟ್ಟು ನಾಯ್ಸ್. ಎರಡು ಪಟ್ಟು ಅಂದ್ರೆ ಎಷ್ಟು ಡಿಬಿ? ಮೂರು.

ಎರಡರಿಂದ ಭಾಗಿಸೋದನ್ನ ಸೇರಿಸಿ ಓಡಿಸಿದ್ಳು. ಚುಕ್ಕೆಗಳು ಗೆರೆ ಮೇಲೆ ಹೋಗಿ ಕೂತ್ವು. "ಇಷ್ಟೇನಾ!" ಅಂದ್ಳು. "ಉತ್ತರ ಅದೇ ಬಂತಲ್ಲ, ಹಾಗಿದ್ರೆ ಮೈನಸ್ ಮೂರು ಹಾಕಿದ್ರೆ ಏನು ತಪ್ಪಾಗ್ತಿತ್ತು?"

ನಾನು ಸುಮ್ಮನಾಗಿದ್ದು ಯಾಕೆ

ನಮ್ಮ ಕ್ಷೇತ್ರದ ಹೆಸರು ಸರ್ವಜ್ಞನಗರ ಇರಬಹುದು, ನಾನಂತೂ ಸರ್ವಜ್ಞ ಅಲ್ಲ. ಕಾಲೇಜಲ್ಲಿ ನಾನೂ ಮೈನಸ್ ಮೂರು ಹಾಕಿದ್ದೆ.

ನನ್ನ ಪ್ರಾಜೆಕ್ಟು ಕ್ಯೂಪಿಎಸ್‌ಕೆ. ಅದರಲ್ಲಿ ಒಂದು ಸಿಂಬಲ್ ಎರಡು ಬಿಟ್ ಹೊರುತ್ತೆ. ನಾನು ನಾಯ್ಸ್ ಲೆಕ್ಕ ಹಾಕಿದ್ದು ಸಿಂಬಲ್‌ನ ಶಕ್ತಿಗೆ, ಗ್ರಾಫಿನ ಕೆಳಗೆ ಬರೆದಿದ್ದು ಬಿಟ್‌ನ ಶಕ್ತಿ ಅಂತ. ಇಬ್ಬರ ಊಟದ ಬಿಲ್ಲನ್ನ ಒಬ್ಬರದ್ದು ಅಂತ ಬರೆದ ಹಾಗೆ. ಎರಡು ಪಟ್ಟು, ಮೂರು ಡಿಬಿ. ನನಗೆ ಕಾರಣ ಗೊತ್ತಿರಲಿಲ್ಲ, ಮೂರು ಕಳೆದೆ, ಗ್ರಾಫ್ ಕೂತ್ಕೊಂಡ್ತು. ಯಾರೂ ಕೇಳಲಿಲ್ಲ. ಒಳ್ಳೆ ಅಂಕವೂ ಬಂತು.

ಕೆಲಸಕ್ಕೆ ಸೇರಿದ ಮೇಲೆ ಅದೇ ಹಳೇ ಕೋಡನ್ನ 16-ಕ್ಯೂಎಎಂಗೆ ಹೊಂದಿಸಿಕೊಂಡೆ, ಆ ಮೈನಸ್ ಮೂರು ಸಮೇತ. 16-ಕ್ಯೂಎಎಂನಲ್ಲಿ ಒಂದು ಸಿಂಬಲ್ ನಾಲ್ಕು ಬಿಟ್ ಹೊರುತ್ತೆ, ವ್ಯತ್ಯಾಸ ನಾಲ್ಕು ಪಟ್ಟು, ಅಂದ್ರೆ 6 ಡಿಬಿ. ನಾನು ಕಳೆದಿದ್ದು 3. ಉಳಿದ 3 ಡಿಬಿ ನಮ್ಮ ರಿಸೀವರ್ ವಿನ್ಯಾಸದ ದೋಷದ ಹಾಗೆ ಕಾಣಿಸ್ತು. ನಾಲ್ಕು ಜನ ಎರಡು ವಾರ ಇಲ್ಲದ ದೋಷ ಹುಡುಕಿದ್ರು. ಅದರಲ್ಲಿ ಒಬ್ಬರು ರಜಾ ಮುಂದೂಡಿದ್ರು. ಕೊನೆಗೆ ಆ ಸಾಲು ಸಿಕ್ಕಾಗ, ಅದನ್ನ ಬರೆದವನು ನಾನೇ ಅಂತ ಹೇಳೋದು ಸುಲಭ ಆಗಿರಲಿಲ್ಲ.

ನೋಡಿ, ಅವಳ ಮೂರು ಡಿಬಿಯೂ ನನ್ನ ಮೂರು ಡಿಬಿಯೂ ಗ್ರಾಫಿನ ಮೇಲೆ ಒಂದೇ ಥರ ಕಾಣುತ್ತೆ. ಕಾರಣ ಮಾತ್ರ ಬೇರೆ ಬೇರೆ. ಮೈನಸ್ ಮೂರು ಅನ್ನೋದು ಎರಡನ್ನೂ ಒಂದೇ ಪರದೆ ಹಿಂದೆ ಮುಚ್ಚಿಬಿಡುತ್ತೆ. ಅವಳಿಗೆ ಕೊಟ್ಟ ಉತ್ತರ ಇಷ್ಟೆ: ಅಂತರ ಅನ್ನೋದು ಅಳಿಸೋ ಕಲೆ ಅಲ್ಲ, ಓದಬೇಕಾದ ಚೀಟಿ.

ಚೀಟಿ ಓದೋದು ಹೇಗೆ

ಇದೇ ಕೆಲಸ ಮಾಡ್ತಿರೋ ವಿದ್ಯಾರ್ಥಿಗಳು ಈ ಭಾಗ ಉಳಿಸಿಕೊಳ್ಳಿ. ಅಂತರದ ಆಕಾರವೇ ಕಾರಣ ಹೇಳುತ್ತೆ.

ಒಂದು, ಎಲ್ಲಾ ಕಡೆ ಒಂದೇ ಅಳತೆಯ ಅಂತರ. ಗೆರೆಯ ಆಕಾರ ಸರಿ ಇದೆ, ಪಕ್ಕಕ್ಕೆ ಸರಿದಿದೆ ಅಷ್ಟೆ. ಇದು ಬಹುಪಾಲು ಲೆಕ್ಕ ಬರೆಯೋದರ ತಪ್ಪು. 3 ಆದ್ರೆ ಎಲ್ಲೋ ಒಂದು ಎರಡು ಬಿಟ್ಟುಹೋಗಿದೆ. 6 ಆದ್ರೆ ನಾಲ್ಕು. 9 ಆದ್ರೆ ಎಂಟು. ಎಷ್ಟೋ ಸಲ ಆ ಎಂಟು ಅಂದ್ರೆ ಒಂದು ಬಿಟ್‌ಗೆ ತಗೊಂಡ ಎಂಟು ಸ್ಯಾಂಪಲ್. ಅನುಮಾನ ಇದ್ರೆ ಬಿಪಿಎಸ್‌ಕೆ ತೆಗೆದು 16-ಕ್ಯೂಎಎಂ ಹಾಕಿ, ಎಂಟು ಸ್ಯಾಂಪಲ್ ತೆಗೆದು ನಾಲ್ಕು ಹಾಕಿ. ಯಾವುದನ್ನ ಬದಲಿಸಿದಾಗ ಅಂತರವೂ ಬದಲಾಗುತ್ತೋ ಕಾರಣ ಅಲ್ಲಿದೆ.

ಎರಡು, ಮೇಲೆಲ್ಲ ಸರಿ, ಕೆಳಗೆ ಬಂದಂಗೆ ಚುಕ್ಕೆಗಳು ಚೆಲ್ಲಾಪಿಲ್ಲಿ. ಇದು ಬಿಟ್ ಸಾಲದು ಅನ್ನೋ ದೂರು. ಲಕ್ಷಕ್ಕೆ ಒಂದು ತಪ್ಪು ಆಗೋ ಜಾಗದಲ್ಲಿ ಲಕ್ಷ ಬಿಟ್ ಮಾತ್ರ ಕಳಿಸಿದ್ರೆ, ನೂರರಲ್ಲಿ 37 ಸಲ ಒಂದೂ ತಪ್ಪು ಸಿಗಲ್ಲ. ಸೊನ್ನೆಯನ್ನ ಲಾಗ್ ಗ್ರಾಫಲ್ಲಿ ಇಡೋಕೂ ಆಗಲ್ಲ, ಗೆರೆ ಅರ್ಧಕ್ಕೇ ನಿಂತುಬಿಡುತ್ತೆ. ಕನಿಷ್ಠ ನೂರು ತಪ್ಪು ಸಿಗೋ ತನಕ ಓಡಿಸಿ, ಆಗ ಉತ್ತರದ ಅಲುಗಾಟ ಶೇ. 10ರ ಆಸುಪಾಸಿಗೆ ಬರುತ್ತೆ. ಇಲ್ಲಿ ಅದಕ್ಕೆ ಒಂದು ಕೋಟಿ ಬಿಟ್ ಬೇಕು. ಲ್ಯಾಪ್‌ಟಾಪಿಗೆ ಅದೇನೂ ದೊಡ್ಡದಲ್ಲ.

ಮೂರು, ಒಂದು ಹಂತದ ಮೇಲೆ ಎಸ್‌ಎನ್‌ಆರ್ ಎಷ್ಟು ಏರಿಸಿದ್ರೂ ತಪ್ಪು ಕಮ್ಮಿ ಆಗಲ್ಲ, ಗೆರೆ ನೆಲ ಹಿಡಿದು ಮಲಗುತ್ತೆ. ಇಲ್ಲಿ ತಪ್ಪು ಮಾಡಿಸ್ತಿರೋದು ನಾಯ್ಸ್ ಅಲ್ಲ. ಒಂದು ಬಿಟ್ ಪಕ್ಕದ ಬಿಟ್ ಮೇಲೆ ಹರಡಿಕೊಂಡಿದೆ, ಇಲ್ಲಾ ರಿಸೀವರ್‌ನ ಗಡಿಯಾರ ತಪ್ಪಿದೆ. ಇದು ಲೆಕ್ಕ ಬರೆದ ತಪ್ಪಲ್ಲ, ನಿಮ್ಮ ವ್ಯವಸ್ಥೆಯ ಗುಣ. ಇದನ್ನ ಮುಚ್ಚಿದ್ರೆ ನಿಜವಾದ ಸುದ್ದಿಯನ್ನೇ ಮುಚ್ಚಿದ ಹಾಗೆ.

ನಾಲ್ಕು, ಸಿಮ್ಯುಲೇಶನ್ ಥಿಯರಿಗಿಂತ ಚೆನ್ನಾಗಿ ಬಂದಿದೆ. ಖುಷಿ ಪಡಬೇಡಿ! ಅತ್ಯುತ್ತಮ ರಿಸೀವರ್‌ಗೇ ಬರೆದ ಸೂತ್ರವನ್ನ ಮೀರೋಕೆ ಆಗಲ್ಲ. ನೂರಕ್ಕೆ ನೂರಹತ್ತು ಅಂಕ ಬಂದ್ರೆ ಟೋಟಲ್ ತಪ್ಪಿದೆ ಅಂತಲೇ ಅರ್ಥ.

ಕಾಗದದ ಮೂರು, ಬ್ಯಾಲಾಳಿನ ಹದಿಮೂರು ಮೀಟರ್

ಇಷ್ಟಕ್ಕೂ ಮೂರು ಡಿಬಿ ಅಂದ್ರೆ ಅಷ್ಟೊಂದಾ? ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿ ಬ್ಯಾಲಾಳು ಅನ್ನೋ ಹಳ್ಳಿ ಇದೆ. ಇಸ್ರೋದ ಡೀಪ್ ಸ್ಪೇಸ್ ನೆಟ್‌ವರ್ಕ್ ಇರೋದು ಅಲ್ಲಿ. 32 ಮೀಟರ್ ಅಗಲದ ಒಂದು ದೊಡ್ಡ ಆಂಟೆನಾ, ಜೊತೆಗೆ 18 ಮೀಟರಿನ ಇನ್ನೊಂದು. ನಡೆಸೋದು ಪೀಣ್ಯದಲ್ಲಿರೋ ಇಸ್‌ಟ್ರ್ಯಾಕ್. 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹಾರಿತಲ್ಲ, ಅದರ ಹೊತ್ತಿಗೆ ಸಿದ್ಧವಾಗಿದ್ದು ಅದು.

ಚಂದ್ರ ಇರೋದು 3.84 ಲಕ್ಷ ಕಿ.ಮೀ. ದೂರ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ದೂರ ಸುಮಾರು 22 ಕೋಟಿ ಕಿ.ಮೀ., ರೇಡಿಯೋ ಅಲೆ ಬರೋಕೇ 12 ನಿಮಿಷದ ಮೇಲೆ ಬೇಕು. ದೂರ ಎರಡು ಪಟ್ಟಾದ್ರೆ ಸಿಗ್ನಲ್ ನಾಲ್ಕನೇ ಒಂದಾಗುತ್ತೆ. ಈ ಲೆಕ್ಕದಲ್ಲಿ ಚಂದ್ರನಿಗಿಂತ ಮಂಗಳನ ಸಿಗ್ನಲ್ 55 ಡಿಬಿ ಕಮ್ಮಿ, ಅಂದ್ರೆ ಮೂರು ಲಕ್ಷದಲ್ಲಿ ಒಂದು ಪಾಲು. ಇಂಥ ಕಡೆ ಎಂಜಿನಿಯರ್‌ಗಳು ಒಂದೊಂದು ಡಿಬಿಯನ್ನೂ ಮನೆ ಖರ್ಚಿನ ಪಟ್ಟಿ ಥರ ಬರೀತಾರೆ. ಅದಕ್ಕೆ ಹೆಸರೇ ಲಿಂಕ್ ಬಜೆಟ್. ಕೊನೇಲಿ ಕೈಯಲ್ಲಿ ಉಳಿಸಿಕೊಳ್ಳೋ ಮಾರ್ಜಿನ್ ಎಷ್ಟೋ ಲಿಂಕ್‌ಗಳಲ್ಲಿ ಮೂರು ಡಿಬಿಯ ಸುತ್ತಮುತ್ತ.

ಈಗ ನಮ್ಮ ಹುಡುಗಿಯ ತಪ್ಪನ್ನ ಅಲ್ಲಿಗೆ ತಗೊಂಡು ಹೋಗಿ. ಸಿಮ್ಯುಲೇಶನ್ ಸುಮ್ಮಸುಮ್ಮನೆ ಮೂರು ಡಿಬಿ ಕೆಟ್ಟದಾಗಿ ತೋರಿಸಿದ್ರೆ, ಅದನ್ನ ತುಂಬೋಕೆ ಆಂಟೆನಾದ ವಿಸ್ತೀರ್ಣ ಎರಡು ಪಟ್ಟಾಗಬೇಕು. 32 ಮೀಟರ್ ಹೋಗಿ 45 ಮೀಟರ್. ಬಿಟ್ಟುಹೋದ ಒಂದು ಎರಡಕ್ಕೆ ಹದಿಮೂರು ಮೀಟರ್ ಉಕ್ಕು! ತಪ್ಪು ಉಲ್ಟಾ ಆಗಿ, ಇರೋದಕ್ಕಿಂತ ಮೂರು ಡಿಬಿ ಚೆನ್ನಾಗಿ ತೋರಿಸಿದ್ರೆ ಇನ್ನೂ ಕಷ್ಟ. ನೌಕೆ ಹಾರಿದ ಮೇಲೆ, ಉಳಿಸಿಟ್ಟ ಮಾರ್ಜಿನ್ ಅಲ್ಲಿ ಇಲ್ಲವೇ ಇಲ್ಲ ಅಂತ ಗೊತ್ತಾಗುತ್ತೆ. ಆಗ ಮಾಹಿತಿ ಬರೋ ವೇಗವನ್ನ ಅರ್ಧಕ್ಕೆ ಇಳಿಸಬೇಕು.

ಇನ್ನೊಂದು ವಿಷಯ. ಬ್ಯಾಲಾಳಿನ ಸುತ್ತ ಗುಡ್ಡ ಇದೆ, ಜಾಗ ಬಟ್ಟಲಿನ ಥರ ಇದೆ. ನಗರದ ರೇಡಿಯೋ ಗಲಾಟೆಗೆ ಆ ಗುಡ್ಡಗಳೇ ಅಡ್ಡ. ಇಲ್ಲಿಂದ ಈಗ ಕಮ್ಮನಹಳ್ಳಿಗೆ ವಾಪಸ್ ಬರೋಣ.

25 ಸುಳ್ಳಾ, 6 ಸುಳ್ಳಾ?

ಎರಡೂ ನಿಜ. 25 ಅನ್ನೋದು ಎಲೆಕ್ಟ್ರಾನ್‌ಗಳ ಕುಣಿತ ಮಾತ್ರ ನಾಯ್ಸ್ ಅಂತ ಇಟ್ಕೊಂಡು ಹಾಕಿದ ಲೆಕ್ಕ. ಕಮ್ಮನಹಳ್ಳಿಯಲ್ಲಿ ಗುಡ್ಡ ಇಲ್ಲ. ಲಿಂಗರಾಜಪುರದ ಕಡೆ ಟವರು, ಬಾಣಸವಾಡಿ ಕಡೆ ಟವರು, ಎಲ್ಲವೂ ಅದೇ ಬ್ಯಾಂಡಲ್ಲಿ ತಂತಮ್ಮ ಗಿರಾಕಿಗಳ ಜೊತೆ ಮಾತಾಡ್ತಿವೆ. ಅವರ ಸಿಗ್ನಲ್ಲು ನನಗೆ ಗದ್ದಲ. ಸಂಜೆ ಏಳಕ್ಕೆ ಎಲ್ಲರೂ ಫೋನ್ ಹಿಡಿದಾಗ ಅದು ಇನ್ನೂ ಜೋರು. ಆ್ಯಪ್ ತೋರಿಸಿದ 6ರಲ್ಲಿ ಅದೂ ಸೇರಿದೆ. ಅದಕ್ಕೇ ಆ ಸಂಖ್ಯೆಯ ಹೆಸರಲ್ಲಿ ಇನ್ನೊಂದು ಅಕ್ಷರ ಇದೆ: ಎಸ್‌ಐಎನ್‌ಆರ್. ನಡುವಿನ ಐ ಅಂದ್ರೆ ಇಂಟರ್‌ಫಿಯರೆನ್ಸ್, ಪಕ್ಕದವರ ಅಡ್ಡಿ. ಸೂತ್ರ ತಪ್ಪಿರಲಿಲ್ಲ, ನಾನು ಅದಕ್ಕೆ ಕೇಳಿದ ಪ್ರಶ್ನೆಯೇ ಅರ್ಧ ಆಗಿತ್ತು. ಅಂತರದಲ್ಲಿದ್ದ 19 ಡಿಬಿ ನನ್ನ ಪ್ರಶ್ನೆಯಲ್ಲಿ ಏನು ಬಿಟ್ಟುಹೋಗಿದೆ ಅಂತ ಹೇಳ್ತಿತ್ತು.

ಶುಕ್ರವಾರದ ವೈವಾ ಏನಾಯ್ತು ಅಂತೀರಾ? ಅವಳು ಎರಡೂ ಗ್ರಾಫ್ ತಗೊಂಡು ಹೋಗಿದ್ಳು, ಮೂರು ಡಿಬಿ ತಪ್ಪಿದ್ದೂ, ಸರಿ ಮಾಡಿದ್ದೂ. ಹೊರಗಿಂದ ಬಂದಿದ್ದ ಎಕ್ಸಾಮಿನರ್ ಸರಿಯಾದ ಗ್ರಾಫನ್ನ ಬದಿಗಿಟ್ಟು, ತಪ್ಪಿದ್ದನ್ನ ಕೈಗೆ ತಗೊಂಡು "ಇದು ಯಾಕೆ ಹೀಗೆ?" ಅಂತ ಕೇಳಿದ್ರಂತೆ. ಅವಳು ಬೋರ್ಡ್ ಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಬರೆದು ಹೇಳಿದ್ಳಂತೆ.

ಹೊರಗೆ ಬಂದ ತಕ್ಷಣ ನನಗೆ ಮೆಸೇಜ್ ಮಾಡಿದ್ಳು: "ಅಣ್ಣಾ, ಹತ್ತು ನಿಮಿಷ ಬರೀ ಆ ಮೂರರ ಬಗ್ಗೆನೇ ಮಾತಾಡಿದ್ವಿ." ಆ ಹತ್ತು ನಿಮಿಷ ನನ್ನ ವೈವಾದಲ್ಲಿ ಇರಲಿಲ್ಲ.

ನಿಮ್ಮ ಗ್ರಾಫೂ ಎಲ್ಲಾದ್ರೂ ಕೂತ್ಕೊಳ್ತಾ ಇಲ್ವಾ? ಅಂತರ ಎಷ್ಟು, ಯಾವ ಆಕಾರ ಅಂತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೂತು ಒಟ್ಟಿಗೆ ಓದೋಣ. ಅಲ್ಲೀವರೆಗೂ, ನಮಸ್ಕಾರ.